ಕಂಬ, ಕೊಳವೆ, ಉಪಗ್ರಹ: ಪೆಸಿಫಿಕ್ ದ್ವೀಪಗಳ ನಕ್ಷೆ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಪೆಸಿಫಿಕ್ ದ್ವೀಪರಾಷ್ಟ್ರಗಳ ವಿದ್ಯುತ್ ಮತ್ತು ನೀರು ಸರಬರಾಜು ಸಂಸ್ಥೆಗಳಲ್ಲಿ ಜಿಐಎಸ್ (ಕಂಪ್ಯೂಟರ್ ನಕ್ಷೆ ಮತ್ತು ಸ್ಥಳಮಾಹಿತಿ ವ್ಯವಸ್ಥೆ) ಹಾಗೂ ದೂರಸಂವೇದಿ (ಉಪಗ್ರಹ, ಡ್ರೋನ್ ಚಿತ್ರಗಳಿಂದ ಮಾಹಿತಿ ತೆಗೆಯುವ) ಕೆಲಸ ಮಾಡುತ್ತಿರುವ, ಮಾಡಲು ಹೊರಟಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಎಂಟನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಜಿಐಎಸ್ ಕಲಿತಿದ್ದೇನೆ. ಫಿಜಿಯಂಥ ಕಡೆ ಸೇರಿದರೆ ದಿನವಿಡೀ ಉಪಗ್ರಹ ಚಿತ್ರ ನೋಡುವ ಕೆಲಸವೇ? ಯಾವುದಕ್ಕೆ ತಯಾರಾಗಬೇಕು?
– ಕೆಲಸ ಹುಡುಕುತ್ತಿರುವ ಇಂಜಿನಿಯರ್

ಉತ್ತರ: ಉಪಗ್ರಹ ಚಿತ್ರ ಈ ಕೆಲಸದ ಸಣ್ಣ ಪಾಲು. ದೊಡ್ಡ ಪಾಲು ಯಾವುದೆಂದರೆ ಪ್ರತಿ ಕಂಬ, ಟ್ರಾನ್ಸ್‌ಫಾರ್ಮರ್, ವಾಲ್ವ್, ಮೀಟರ್ ಎಲ್ಲಿದೆ, ಯಾವುದಕ್ಕೆ ಯಾವುದು ಜೋಡಣೆಯಾಗಿದೆ ಎಂಬುದನ್ನು ದಾಖಲಿಸಿ, ಅದು ಹಳತಾಗದಂತೆ ನೋಡಿಕೊಳ್ಳುವುದು.

ಫಿಜಿಯಲ್ಲಿ ವಿದ್ಯುತ್ತಿಗೆ ಎನರ್ಜಿ ಫಿಜಿ ಲಿಮಿಟೆಡ್ ಇದೆ (ಹಿಂದಿನ ಹೆಸರು ಫಿಜಿ ಎಲೆಕ್ಟ್ರಿಸಿಟಿ ಅಥಾರಿಟಿ). ನೀರಿಗೆ ವಾಟರ್ ಅಥಾರಿಟಿ ಆಫ್ ಫಿಜಿ. ಟೋಂಗಾದಲ್ಲಿ ಟೋಂಗಾ ಪವರ್ ಮತ್ತು ಟೋಂಗಾ ವಾಟರ್ ಬೋರ್ಡ್ ಬೇರೆ ಬೇರೆ. ಕಿರಿಬಾಸ್‌ನ ದಕ್ಷಿಣ ತರಾವಾದಲ್ಲಿ ನೀರು, ವಿದ್ಯುತ್, ಒಳಚರಂಡಿ ಮೂರನ್ನೂ ಪಬ್ಲಿಕ್ ಯುಟಿಲಿಟೀಸ್ ಬೋರ್ಡ್ ನೋಡಿಕೊಳ್ಳುತ್ತದೆ. ಇಡೀ ವಲಯಕ್ಕೆ ತಾಂತ್ರಿಕ ನೆರವು ಕೊಡುವ ಪೆಸಿಫಿಕ್ ಕಮ್ಯುನಿಟಿಯ ಭೂವಿಜ್ಞಾನ ವಿಭಾಗ ಫಿಜಿಯ ರಾಜಧಾನಿ ಸುವಾದಲ್ಲಿದೆ. ಮೊದಲು ಇದು ಸೋಪಾಕ್ ಎಂಬ ಪ್ರತ್ಯೇಕ ಸಂಸ್ಥೆಯಾಗಿತ್ತು. ಪೆಸಿಫಿಕ್ ಪವರ್ ಅಸೋಸಿಯೇಷನ್ ಕೂಡ ಸುವಾದಲ್ಲೇ ಇದೆ.

ಚಿಕ್ಕ ದ್ವೀಪಗಳಲ್ಲಿ ಜಿಐಎಸ್ ವಿಭಾಗ ಎಂದರೆ ಒಬ್ಬರೋ ಇಬ್ಬರೋ ಇರುತ್ತಾರೆ. ಸರ್ವೆ ಮಾಡುವುದು, ಡೇಟಾಬೇಸ್ ಕಟ್ಟುವುದು, ಪ್ರಿಂಟರ್ ಸರಿ ಮಾಡುವುದು ಎಲ್ಲವೂ ನಿಮ್ಮ ಪಾಲಿಗೇ ಬರುತ್ತದೆ. ನಕ್ಷೆಗೆ ಕ್ಯೂಜಿಐಎಸ್, ಡೇಟಾಬೇಸಿಗೆ ಪೋಸ್ಟ್‌ಜಿಐಎಸ್, ಕ್ಷೇತ್ರದಲ್ಲಿ ದಾಖಲಿಸಲು ಕ್ಯೂಫೀಲ್ಡ್, ನೀರಿನ ಜಾಲಕ್ಕೆ ಇಪ್ಯಾನೆಟ್ – ಈ ನಾಲ್ಕು ಚೆನ್ನಾಗಿ ಬಂದರೆ ಸಾಕು. ನಾಲ್ಕೂ ಉಚಿತ. ಪ್ರತಿ ವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಾದ ತಂತ್ರಾಂಶವನ್ನು ಯೋಜನೆಯ ಹಣದಲ್ಲಿ ತಂದು, ಯೋಜನೆ ಮುಗಿದ ಮೇಲೆ ನವೀಕರಿಸಲಾಗದೆ ನಕ್ಷೆಯೇ ನಿಂತುಹೋಗುವುದು ಇಂಥ ಸಂಸ್ಥೆಗಳಿಗೆ ನಿಜವಾದ ಅಪಾಯ.

ಪ್ರಶ್ನೆ: ನಮ್ಮ ವಿದ್ಯುತ್ ನಕ್ಷೆ ನೋಡಲು ಸೊಗಸಾಗಿದೆ. ಆದರೆ 'ಈ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಯಾರ ಮನೆಯ ಕರೆಂಟ್ ಹೋಗುತ್ತದೆ' ಎಂದು ಕೇಳಿದರೆ ಅದರಲ್ಲಿ ಉತ್ತರ ಸಿಗುವುದಿಲ್ಲ. ತಪ್ಪು ಎಲ್ಲಿ?
– ವಿತರಣಾ ವಿಭಾಗದ ತಂತ್ರಜ್ಞೆ

ಉತ್ತರ: ಗೆರೆಗಳು ಒಂದಕ್ಕೊಂದು ತಾಗಿಲ್ಲ. ಕಂಬವನ್ನು ಜಿಪಿಎಸ್‌ನಿಂದ ಬಿಂದುವಾಗಿ ತಂದು, ತಂತಿಯನ್ನು ಚಿತ್ರದ ಮೇಲೆ ಕೈಯಿಂದ ಎಳೆದಾಗ ತಂತಿಯ ತುದಿ ಕಂಬದಿಂದ 30 ಸೆಂಟಿಮೀಟರ್ ಹಿಂದೆಯೋ ಮುಂದೆಯೋ ನಿಲ್ಲುತ್ತದೆ. ಕಣ್ಣಿಗೆ ಕಾಣದ ಈ ಸಂದಿನಲ್ಲೇ ಜಾಲ ಕಡಿದುಹೋಗುತ್ತದೆ.

ತಿದ್ದುವ ಕ್ರಮ ಹೀಗೆ. ಮೊದಲು ಕಂಬಗಳ ಬಿಂದುಗಳನ್ನು ಅಂತಿಮಗೊಳಿಸಿ. ಸ್ನ್ಯಾಪಿಂಗ್ (ಗೆರೆಯ ತುದಿ ಬಿಂದುವಿಗೆ ತಾನೇ ಅಂಟುವ ಸೌಲಭ್ಯ) ಹಾಕಿಕೊಂಡು ಪ್ರತಿ ತಂತಿಯನ್ನೂ ಕಂಬದಿಂದ ಕಂಬಕ್ಕೆ ತುಂಡಾಗಿ ಎಳೆಯಿರಿ. ಹತ್ತು ಕಂಬ ದಾಟುವ ಒಂದೇ ಉದ್ದ ಗೆರೆ ಬೇಡ. ಪ್ರತಿ ತುಂಡಿಗೂ 'ಎಲ್ಲಿಂದ', 'ಎಲ್ಲಿಗೆ' ಎಂಬ ಎರಡು ಕಂಬ ಸಂಖ್ಯೆ, ಫೇಸ್, ವೋಲ್ಟೇಜ್, ತಂತಿಯ ಬಗೆ ಇರಲಿ. ಸ್ವಿಚ್ ಮತ್ತು ಫ್ಯೂಸ್‌ಗಳಿಗೆ 'ತೆರೆದಿದೆ', 'ಮುಚ್ಚಿದೆ' ಎಂಬ ಸ್ಥಿತಿ ಕಡ್ಡಾಯ. ಅದಿಲ್ಲದಿದ್ದರೆ ಎರಡು ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಮುಖ್ಯ ಲೈನ್) ಸೇರುವ ಕಡೆ ಲೆಕ್ಕ ಪಕ್ಕದ ಫೀಡರಿಗೂ ನುಗ್ಗಿ, ಅರ್ಧ ಪಟ್ಟಣದಲ್ಲಿ ಕರೆಂಟ್ ಇಲ್ಲವೆಂದು ತೋರಿಸುತ್ತದೆ.

ಆಮೇಲೆ ಗ್ರಾಹಕರು. ಮೀಟರಿನಿಂದ ಸರ್ವಿಸ್ ವೈರ್, ಅಲ್ಲಿಂದ ಕಂಬ, ಕಂಬದಿಂದ ಟ್ರಾನ್ಸ್‌ಫಾರ್ಮರ್ – ಈ ಸರಪಳಿ ಎಲ್ಲೂ ಕಡಿಯಬಾರದು. ಬಿಲ್ಲಿಂಗ್ ಪಟ್ಟಿಗೆ ಮೀಟರ್ ಸಂಖ್ಯೆಯಿಂದ ಜೋಡಿಸಿ, ಹೆಸರಿನಿಂದ ಬೇಡ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನವರು ಹಲವರಿರುತ್ತಾರೆ, ಬಾಡಿಗೆದಾರರೂ ಬದಲಾಗುತ್ತಾರೆ. ಮೀಟರ್ ಬದಲಿಸಿದ ದಿನ ಹಳೆಯ ಸಂಖ್ಯೆಯನ್ನು ಅಳಿಸದೆ, ದಿನಾಂಕ ಹಾಕಿ ಇತಿಹಾಸದಲ್ಲಿ ಉಳಿಸಿ.

ಸರಿಯಾಯಿತೇ ಎಂದು ತಿಳಿಯಲು, ಯೋಜಿತ ವಿದ್ಯುತ್ ಕಡಿತದ ದಿನ ನಕ್ಷೆ ಕೊಟ್ಟ ಪಟ್ಟಿಯನ್ನು ಹಿಡಿದು ಆ ಬೀದಿಗೆ ಹೋಗಿ. ಪಟ್ಟಿಯಲ್ಲಿದ್ದೂ ದೀಪ ಉರಿಯುತ್ತಿರುವ ಮನೆ, ಪಟ್ಟಿಯಲ್ಲಿಲ್ಲದೆ ಕತ್ತಲಾದ ಮನೆ ಎರಡನ್ನೂ ಗುರುತು ಹಾಕಿಕೊಳ್ಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ಗೊತ್ತಿಲ್ಲ.

ಪ್ರಶ್ನೆ: ಫಿಜಿಯ ಡೇಟಾ ತೆರೆದರೆ ಅರ್ಧ ದ್ವೀಪಗಳು ಪರದೆಯ ಬಲತುದಿಗೆ, ಅರ್ಧ ಎಡತುದಿಗೆ ಹೋಗುತ್ತವೆ. ಹಳೆಯ ಸರ್ವೆ ನಕ್ಷೆಗಳಂತೂ ಎಲ್ಲೋ ಸಮುದ್ರದಲ್ಲಿ ಕೂರುತ್ತವೆ.
– ಹೊಸದಾಗಿ ಸೇರಿದ ಜಿಐಎಸ್ ಸಹಾಯಕ

ಉತ್ತರ: ಇವು ಎರಡು ಬೇರೆ ಕಾಯಿಲೆಗಳು.

ಮೊದಲನೆಯದಕ್ಕೆ ಕಾರಣ 180 ಡಿಗ್ರಿ ರೇಖಾಂಶ. ಅದು ತವೇಉನಿ ಮತ್ತು ವನುವಾ ಲೇವು ದ್ವೀಪಗಳ ಮೇಲೆಯೇ ಹಾದುಹೋಗುತ್ತದೆ. ರೇಖೆಯ ಒಂದು ಬದಿಯ ಮನೆ +179.99ರಲ್ಲಿದ್ದರೆ ಇನ್ನೊಂದು ಬದಿಯ ಮನೆ -179.99ರಲ್ಲಿರುತ್ತದೆ. ಕಂಪ್ಯೂಟರಿಗೆ ಅವು ಭೂಮಿಯ ಎರಡು ತುದಿ. ಭೂಮಿಯನ್ನು 60 ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿ ಬಳಸಿದರೂ ದೇಶ 60 ಮತ್ತು 1ನೇ ವಲಯಗಳ ನಡುವೆ ಹೋಳಾಗುತ್ತದೆ. ಅದಕ್ಕಾಗಿಯೇ ಫಿಜಿ ಮ್ಯಾಪ್ ಗ್ರಿಡ್ ಇದೆ: ಇಪಿಎಸ್‌ಜಿ (ನಕ್ಷೆ ಪದ್ಧತಿಗಳ ಅಂತರರಾಷ್ಟ್ರೀಯ ಪಟ್ಟಿ) ಸಂಖ್ಯೆ 3460, ಮಧ್ಯ ರೇಖಾಂಶ 178.75 ಪೂರ್ವ, ಮೂಲ ಅಕ್ಷಾಂಶ 17 ದಕ್ಷಿಣ, ಫಾಲ್ಸ್ ಈಸ್ಟಿಂಗ್ 20,00,000 ಮೀಟರ್, ಫಾಲ್ಸ್ ನಾರ್ತಿಂಗ್ 40,00,000 ಮೀಟರ್ (ಕೊನೆಯ ಎರಡು, ಋಣ ಸಂಖ್ಯೆ ಬಾರದಂತೆ ಕೂಡಿಸುವ ಅಂಕಿಗಳು). ಸಂಸ್ಥೆಯ ಎಲ್ಲ ಲೇಯರ್‌ಗಳನ್ನೂ ಇದರಲ್ಲೇ ಇಡಿ. ಇಡೀ ಪೆಸಿಫಿಕ್ ತೋರಿಸಬೇಕಾದಾಗ ಇಪಿಎಸ್‌ಜಿ 3832 ಬಳಸಿ. ಅದರ ಮಧ್ಯ ರೇಖಾಂಶ 150 ಪೂರ್ವವಾದ್ದರಿಂದ ಕಡಿತ ಅಟ್ಲಾಂಟಿಕ್‌ನ ಕಡೆ ಬೀಳುತ್ತದೆ. ಡಿಗ್ರಿಯಲ್ಲೇ ಇಡಬೇಕಾಗಿ ಬಂದರೆ ಋಣ ರೇಖಾಂಶಗಳಿಗೆ 360 ಕೂಡಿಸಿ, -179.5 ಎಂಬುದು 180.5 ಆಗುತ್ತದೆ. ಪೋಸ್ಟ್‌ಜಿಐಎಸ್‌ನಲ್ಲಿ ಇದಕ್ಕೆ ಶಿಫ್ಟ್ ಲಾಂಜಿಟ್ಯೂಡ್ ಎಂಬ ಸಿದ್ಧ ಫಂಕ್ಷನ್ ಇದೆ. ಉಪಗ್ರಹ ಚಿತ್ರಕ್ಕೆ ಆರ್ಡರ್ ಕೊಡುವಾಗ ಬೇಕಾದ ಪ್ರದೇಶವನ್ನು ರೇಖೆಯ ಎರಡೂ ಬದಿ ಎರಡು ಬಹುಭುಜಗಳಾಗಿ ಕಳಿಸಿ. ಒಂದೇ ಆಗಿ ಕಳಿಸಿದರೆ ಭೂಮಿಯನ್ನು ಪೂರ್ತಿ ಸುತ್ತುವ ಪಟ್ಟಿಗೆ ಬೆಲೆಪಟ್ಟಿ ಬಂದೀತು.

ಎರಡನೆಯದಕ್ಕೆ ಕಾರಣ ಡೇಟಮ್ (ಸ್ಥಾನ ಅಳೆಯುವ ಆಧಾರ ಚೌಕಟ್ಟು) ಮತ್ತು ಅಳತೆಯ ಮಾನ. ಫಿಜಿಯ ಮುಖ್ಯ ದ್ವೀಪ ವಿತಿ ಲೇವುವಿನ ಹಳೆಯ ನಕ್ಷೆಗಳು 1912ರ ಡೇಟಮ್‌ನಲ್ಲಿ, ಕ್ಯಾಸಿನಿ ಪ್ರೊಜೆಕ್ಷನ್‌ನಲ್ಲಿ, ಲಿಂಕ್ ಎಂಬ ಮಾನದಲ್ಲಿವೆ. ಒಂದು ಲಿಂಕ್ ಎಂದರೆ 0.201168 ಮೀಟರ್, ನೂರು ಲಿಂಕ್ ಸೇರಿದರೆ ಒಂದು ಸರಪಳಿ. ಲಿಂಕನ್ನು ಮೀಟರೆಂದು ಓದಿದರೆ ನಕ್ಷೆ ಸುಮಾರು ಐದು ಪಟ್ಟು ಹಿಗ್ಗಿ ಸಮುದ್ರಕ್ಕೆ ಹೋಗುತ್ತದೆ. ಮಾನ ಸರಿಪಡಿಸಿದ ಮೇಲೂ ನೂರಾರು ಮೀಟರ್ ಜಾರಿದ್ದರೆ ಡೇಟಮ್ ಪರಿವರ್ತನೆ ಬಿಟ್ಟುಹೋಗಿದೆ ಎಂದರ್ಥ. ಫಿಜಿ 1986 ಡೇಟಮ್ ಕೂಡ ಡಬ್ಲ್ಯುಜಿಎಸ್ 72 ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಹತ್ತಿರದ ಗಣಿತದ ಮೊಟ್ಟೆಯಾಕಾರ) ಮೇಲೆ ನಿಂತಿದೆ, ಜಿಪಿಎಸ್ ಬಳಸುವ 84ರ ಮೇಲಲ್ಲ. ಆದ್ದರಿಂದ ಜಿಪಿಎಸ್ ಬಿಂದುಗಳನ್ನು ಪರಿವರ್ತನೆಯಿಲ್ಲದೆ ಅದರ ಮೇಲೆ ಹಾಕಬೇಡಿ. ತಂತ್ರಾಂಶ ಯಾವ ಪರಿವರ್ತನೆಯನ್ನು ಆರಿಸಿತೆಂದು ನೋಡಿ, ಭೂ ಇಲಾಖೆಯ ಮೂರು ನಾಲ್ಕು ಸರ್ವೆ ಕಲ್ಲುಗಳ ಮೇಲೆ ಅಳೆದು ಹೋಲಿಸಿ. ನಕ್ಷೆಯನ್ನು ಕೈಯಿಂದ ಎಳೆದು ಕೂರಿಸುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಹಾಗೆ ಎಳೆದವರು ಎಷ್ಟು ಎಳೆದರೆಂದು ಬರೆದಿಡುವುದಿಲ್ಲ, ಮುಂದೆ ಬಂದವರಿಗೆ ಅದನ್ನು ಬಿಡಿಸಲಾಗುವುದಿಲ್ಲ.

ಪ್ರಶ್ನೆ: 50 ಸೆಂಟಿಮೀಟರ್ ಚಿತ್ರ ಕೊಂಡರೆ ಕಂಬಗಳ ಸರ್ವೆ ಉಳಿಯುತ್ತದೆಯೇ? ಯಾವ ತಿಂಗಳಿನ ಚಿತ್ರ ಒಳ್ಳೆಯದು?
– ಯೋಜನಾ ವಿಭಾಗದ ಅಧಿಕಾರಿ

ಉತ್ತರ: ಉಳಿಯುವುದಿಲ್ಲ. ಮರದ ಕಂಬದ ದಪ್ಪ 30 ಸೆಂಟಿಮೀಟರ್ ಆಸುಪಾಸು, ಮೇಲಿನಿಂದ ನೋಡಿದರೆ ಅದು ಒಂದು ಪಿಕ್ಸೆಲ್ ಕೂಡ ತುಂಬುವುದಿಲ್ಲ. ರಸ್ತೆಯ ಮೇಲೆ ಬಿದ್ದ ನೆರಳಿನಿಂದ ಕೆಲವನ್ನು ಹಿಡಿಯಬಹುದು. ತೆಂಗು, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಮರಗಳ ಕೆಳಗೆ ಅದೂ ಸಿಗದು. ತಂತಿ ಕಾಣುವುದೇ ಇಲ್ಲ. ಮನೆ, ರಸ್ತೆ, ಟ್ಯಾಂಕ್, ಮರಗಳ ಅಂಚು ಗುರುತಿಸಲು ಮಾತ್ರ ಇಂಥ ಚಿತ್ರ ಬಹಳ ಉಪಯುಕ್ತ.

ಆರ್ಡರಿನಲ್ಲಿ ಮೋಡದ ಪ್ರಮಾಣದಷ್ಟೇ ಮುಖ್ಯವಾದದ್ದು ಓರೆಕೋನ, ಎಂದರೆ ಉಪಗ್ರಹ ನೇರ ಕೆಳಗೆ ನೋಡದೆ ಎಷ್ಟು ಓರೆಯಾಗಿ ನೋಡುತ್ತದೆ ಎಂಬುದು. 6 ಮೀಟರ್ ಎತ್ತರದ ಚಾವಣಿಯನ್ನು 25 ಡಿಗ್ರಿ ಓರೆಯಿಂದ ನೋಡಿದರೆ ಅದು ತನ್ನ ಅಡಿಪಾಯದಿಂದ 2.8 ಮೀಟರ್ ಸರಿದು ಕಾಣುತ್ತದೆ. ವಿದ್ಯುತ್ ಮೀಟರನ್ನು ಪಕ್ಕದ ಮನೆಗೆ ಅಂಟಿಸಲು ಅಷ್ಟು ಸಾಕು. 15 ಡಿಗ್ರಿ ಒಳಗೆ ಕೇಳಿ. ಕಾಲದ ಮಟ್ಟಿಗೆ, ಫಿಜಿಯಲ್ಲಿ ಮೇನಿಂದ ಅಕ್ಟೋಬರ್‌ವರೆಗಿನ ಒಣ ಕಾಲ ಒಳ್ಳೆಯದು. ಆದರೂ ಆಗ್ನೇಯ ಮಾರುತಕ್ಕೆ ಎದುರಾಗಿರುವ ಸುವಾ ಬದಿಯಲ್ಲಿ ಮೋಡ ಬಿಡುವುದಿಲ್ಲ, ಗಾಳಿಮರೆಯ ನಾಂದಿ, ಲೌಟೋಕಾ ಬದಿಯಲ್ಲಿ ಸುಲಭವಾಗಿ ಸಿಗುತ್ತದೆ. ಎರಡು ಬದಿಗೆ ಬೇರೆ ಬೇರೆ ಗಡುವು ಕೊಡಿ. ಲೈಸೆನ್ಸ್ ಬರೆಸುವಾಗ ನೀರು, ವಿದ್ಯುತ್, ಭೂ ಇಲಾಖೆ ಮೂವರೂ ಬಳಸುವ ಹಕ್ಕು ಸೇರಿಸಿ. ಒಂದೇ ದ್ವೀಪದ ಚಿತ್ರವನ್ನು ಮೂರು ಕಚೇರಿಗಳು ಮೂರು ಸಲ ಕೊಳ್ಳುವುದು ಸಾರ್ವಜನಿಕ ಹಣಕ್ಕೆ ಮಾಡುವ ಅನ್ಯಾಯ.

ಪ್ರಶ್ನೆ: ತರಾವಾದಂಥ ಹವಳ ದ್ವೀಪದಲ್ಲಿ ಉಚಿತವಾಗಿ ಸಿಗುವ 30 ಮೀಟರ್ ಎತ್ತರ ಮಾದರಿಯಿಂದ ಪೈಪ್‌ಲೈನ್ ಮತ್ತು ಒಳಚರಂಡಿ ವಿನ್ಯಾಸ ಮಾಡಬಹುದೇ? ಡ್ರೋನ್ ಹಾರಿಸಿದರೆ?
– ನೀರು ಸರಬರಾಜು ವಿನ್ಯಾಸಕಿ

ಉತ್ತರ: ಉಚಿತ ಮಾದರಿ ಇಲ್ಲಿ ಬೇಡವೇ ಬೇಡ. ನೆಲದ ಬಹುಭಾಗ ಸಮುದ್ರದಿಂದ 3–4 ಮೀಟರಿಗಿಂತ ಮೇಲಿಲ್ಲ. ಎಸ್‌ಆರ್‌ಟಿಎಂನಂಥ (ಬಾಹ್ಯಾಕಾಶ ನೌಕೆಯ ರೇಡಾರ್‌ನಿಂದ ಅಳೆದ) ಮಾದರಿಯ ದೋಷವೇ ಹಲವು ಮೀಟರ್, ಜೊತೆಗೆ ಅದು ನೆಲದ ಬದಲು ತೆಂಗಿನ ತಲೆಯನ್ನು ಅಳೆದಿರುತ್ತದೆ. 200ಕ್ಕೆ 1ರ ಇಳಿಜಾರಿನ ಚರಂಡಿ 100 ಮೀಟರಿನಲ್ಲಿ ಇಳಿಯುವುದು 50 ಸೆಂಟಿಮೀಟರ್ ಮಾತ್ರ. ಅಂಥ ವಿನ್ಯಾಸಕ್ಕೆ ಲೆವೆಲಿಂಗ್ ಯಂತ್ರವೇ ಬೇಕು, ದೊಡ್ಡ ಪ್ರದೇಶಕ್ಕಾದರೆ ವಿಮಾನದಿಂದ ಲೇಸರ್ ಬೀರಿ ಅಳೆಯುವ ಲೈಡಾರ್.

ಡ್ರೋನ್ ಒಳ್ಳೆಯದು, ಆದರೆ ಹವಳ ದ್ವೀಪದಲ್ಲಿ ಅದು ಎರಡು ರೀತಿ ಕೈಕೊಡುತ್ತದೆ. ದ್ವೀಪ ಕಿರಿದಾದ ಪಟ್ಟಿ. ಎರಡೂ ಬದಿ ಅಲೆಯಾಡುವ ನೀರಿನ ಮೇಲೆ ಚಿತ್ರಗಳನ್ನು ಹೊಂದಿಸುವ ಬಿಂದುಗಳು ಸಿಗುವುದಿಲ್ಲ. ಆಗ ಮಾದರಿ ಉದ್ದಕ್ಕೂ ಬಿಲ್ಲಿನಂತೆ ಬಾಗಿ, ಮಧ್ಯ ಉಬ್ಬಿ ತುದಿಗಳು ಕುಸಿಯುತ್ತವೆ. ಪರಿಹಾರವಾಗಿ ಚಿತ್ರಗಳು ಮುಂದಕ್ಕೆ 80, ಪಕ್ಕಕ್ಕೆ 70 ಶೇಕಡಾ ಒಂದರ ಮೇಲೊಂದು ಬೀಳುವಂತೆ ಇಟ್ಟು, ಅಡ್ಡ ಸಾಲುಗಳನ್ನೂ ಹಾರಿಸಿ, ಕೆಲವು ಸಾಲುಗಳಲ್ಲಿ ಕ್ಯಾಮೆರಾವನ್ನು ತುಸು ಓರೆ ಮಾಡಿ. ನಿಯಂತ್ರಣ ಬಿಂದುಗಳನ್ನು (ನೆಲದ ಮೇಲೆ ನಿಖರವಾಗಿ ಅಳೆದ ಗುರುತುಗಳನ್ನು) ರಸ್ತೆಯುದ್ದಕ್ಕೆ ಒಂದೇ ಸಾಲಿನಲ್ಲಿ ಇಡದೆ ಲಗೂನ್ (ಹವಳ ಸುತ್ತುವರಿದ ಒಳನೀರು) ಬದಿ ಒಂದು, ಸಾಗರದ ಬದಿ ಒಂದು ಎಂದು ಅಂಕುಡೊಂಕಾಗಿ ಇಡಿ. ಮೂರು ನಾಲ್ಕು ಬಿಂದುಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಉಳಿಸಿ. ವರದಿಯಲ್ಲಿ ಆ ಬಿಂದುಗಳ ದೋಷ ಎಷ್ಟೆಂದು ನೋಡಬೇಕು, ಲೆಕ್ಕಕ್ಕೆ ಸೇರಿದವುಗಳ ದೋಷ ಯಾವಾಗಲೂ ಚಂದವಾಗಿಯೇ ಇರುತ್ತದೆ.

ಇನ್ನೊಂದು ದೊಡ್ಡ ಗುಂಡಿ ಎತ್ತರದ ಆಧಾರ. ಜಿಪಿಎಸ್ ಕೊಡುವುದು ಎಲಿಪ್ಸಾಯ್ಡ್ ಮೇಲಿನ ಎತ್ತರ. ಪೆಸಿಫಿಕ್‌ನ ಈ ಭಾಗದಲ್ಲಿ ಅದಕ್ಕೂ ಸಮುದ್ರಮಟ್ಟಕ್ಕೂ ಹತ್ತಾರು ಮೀಟರ್ ಅಂತರ. ಇಜಿಎಂ 2008 ಎಂಬ ಜಾಗತಿಕ ಸಮುದ್ರಮಟ್ಟ ಮಾದರಿಯಿಂದ ಆ ಅಂತರವನ್ನು ಕಳೆಯಬಹುದು, ಆದರೆ ಹವಳ ದ್ವೀಪದಲ್ಲಿ ಅದರ ಉಳಿಕೆ ದೋಷವೂ ದುಬಾರಿ. ಹತ್ತಿರದ ಉಬ್ಬರವಿಳಿತ ಮಾಪಕದ ಬೆಂಚ್‌ಮಾರ್ಕಿಗೆ ಲೆವೆಲಿಂಗ್ ಮಾಡಿ ಕಟ್ಟಿಹಾಕಿ. ಆಸ್ಟ್ರೇಲಿಯಾದ ನೆರವಿನಿಂದ ಹಲವು ದ್ವೀಪರಾಷ್ಟ್ರಗಳಲ್ಲಿ ಇಂಥ ಮಾಪಕಗಳು 1990ರ ದಶಕದಿಂದಲೇ ಇವೆ. ಇದೇ ತಪ್ಪು ಉಪಗ್ರಹ ಚಿತ್ರದಲ್ಲಿ ಅಡ್ಡಕ್ಕೂ ಹೊರಬರುತ್ತದೆ: ಚಿತ್ರ ತಿದ್ದುವಾಗ ಎಲಿಪ್ಸಾಯ್ಡ್ ಎತ್ತರದ ಜಾಗದಲ್ಲಿ ಸಮುದ್ರಮಟ್ಟದ ಎತ್ತರ ಕೊಟ್ಟು 50 ಮೀಟರ್ ವ್ಯತ್ಯಾಸವಾದರೆ, 20 ಡಿಗ್ರಿ ಓರೆ ಚಿತ್ರ ಸುಮಾರು 18 ಮೀಟರ್ ಪಕ್ಕಕ್ಕೆ ಜಾರುತ್ತದೆ. ಕಾರಣ ತಿಳಿಯದೆ ಚಿತ್ರವನ್ನೇ ದೂರುವವರು ಬಹಳ.

ಹತ್ತಿರದಲ್ಲಿ ನೆಲೆ ಕೇಂದ್ರ (ಜಿಪಿಎಸ್ ದೋಷ ತಿದ್ದಲು ಬಳಸುವ ಸ್ಥಿರ ಕೇಂದ್ರ) ಇಲ್ಲದಿದ್ದರೆ ಎರಡು ಫ್ರೀಕ್ವೆನ್ಸಿಯ ರಿಸೀವರ್ ಅನ್ನು ಒಂದೇ ಕಡೆ ಕೆಲವು ಗಂಟೆ ನಿಲ್ಲಿಸಿ, ಕಡತವನ್ನು ಜಿಯೋಸೈನ್ಸ್ ಆಸ್ಟ್ರೇಲಿಯಾದ ಉಚಿತ ಆಸ್‌ಪಾಸ್ ಸೇವೆಗೆ ಕಳಿಸಿ. ಆರು ಗಂಟೆ ನಿಲ್ಲಿಸಿದರೆ ಎತ್ತರದ ಮೇಲೆ ಭರವಸೆ ಹೆಚ್ಚು. ಉತ್ತರದ ಜೊತೆ ಬರುವ ದಿನಾಂಕವನ್ನು ತಪ್ಪದೆ ಬರೆದಿಡಿ. ಪೆಸಿಫಿಕ್ ಫಲಕ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ವಾಯವ್ಯಕ್ಕೆ ಸರಿಯುತ್ತದೆ. ಹತ್ತು ವರ್ಷದ ಅಂತರದ ಎರಡು ಸರ್ವೆಗಳು 70 ಸೆಂಟಿಮೀಟರ್ ಬೇರೆಯಾಗಿ ಕಂಡರೆ ಪೈಪ್ ಓಡಿಹೋಗಿಲ್ಲ, ದ್ವೀಪವೇ ಸರಿದಿದೆ.

ಪ್ರಶ್ನೆ: ಚಂಡಮಾರುತದ ಮರುದಿನ ಉಪಗ್ರಹದಿಂದ ಬಿದ್ದ ಕಂಬಗಳನ್ನು ಪತ್ತೆ ಮಾಡಬಹುದೇ?
– ತುರ್ತು ನಿರ್ವಹಣಾ ತಂಡದ ಸದಸ್ಯ

ಉತ್ತರ: ಮರುದಿನ ಸಾಮಾನ್ಯವಾಗಿ ಮೋಡ ಕವಿದಿರುತ್ತದೆ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡವನ್ನು ದಾಟಿ ನೋಡುತ್ತದೆ, ನೆರೆ ಎಲ್ಲಿ ನಿಂತಿದೆ ಎಂದು ಚೆನ್ನಾಗಿ ಹೇಳುತ್ತದೆ. ಆದರೆ ಅದರ ತರಂಗಾಂತರ 5.6 ಸೆಂಟಿಮೀಟರ್, ಚಿತ್ರದ ಸೂಕ್ಷ್ಮತೆ ಹತ್ತಿಪ್ಪತ್ತು ಮೀಟರ್. ಅದರಲ್ಲಿ ಒಂದು ಕಂಬ ಕಾಣದು. ಮೋಡ ಸರಿದ ಮೇಲೆ ಸಿಗುವ ಸೂಕ್ಷ್ಮ ಚಿತ್ರಗಳಲ್ಲಿ ಹಾರಿಹೋದ ಚಾವಣಿ, ಉರುಳಿದ ಮರ, ಕೊಚ್ಚಿಹೋದ ರಸ್ತೆ ಕಾಣುತ್ತವೆ. ಅವುಗಳ ಮೇಲೆ ನಿಮ್ಮ 11 ಕೆವಿ ಲೈನಿನ ಲೇಯರ್ ಹಾಕಿದರೆ ಯಾವ ತಂಡವನ್ನು ಎಲ್ಲಿಗೆ ಮೊದಲು ಕಳಿಸಬೇಕೆಂದು ತಿಳಿಯುತ್ತದೆ. ಚಿತ್ರದಿಂದ ಅಷ್ಟನ್ನು ನಿರೀಕ್ಷಿಸಿ, ಅದಕ್ಕಿಂತ ಹೆಚ್ಚು ಬೇಡ.

ನಿಜವಾದ ತಯಾರಿ ನವೆಂಬರ್‌ಗೆ ಮೊದಲೇ ಮುಗಿದಿರಬೇಕು, ಏಕೆಂದರೆ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್. ಪ್ರತಿ ಕಂಬಕ್ಕೆ ಅಲ್ಯೂಮಿನಿಯಂ ಸಂಖ್ಯಾಫಲಕ ಬೇಕು, ಬಣ್ಣದಲ್ಲಿ ಬರೆದ ಸಂಖ್ಯೆ ಉಪ್ಪುಗಾಳಿಗೆ ಉಳಿಯುವುದಿಲ್ಲ. ಟ್ಯಾಬ್ಲೆಟ್‌ಗಳಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ ಇರಲಿ, ಜೊತೆಗೆ ಪ್ಲಾಸ್ಟಿಕ್ ಹೊದಿಸಿದ ಕಾಗದದ ನಕ್ಷೆಯೂ ಇರಲಿ. 2022ರ ಜನವರಿ 15ರಂದು ಹುಂಗಾ ಟೋಂಗಾ–ಹುಂಗಾ ಹಾಪೈ ಜ್ವಾಲಾಮುಖಿ ಸಿಡಿದಾಗ ಸಮುದ್ರದಡಿಯ ಕೇಬಲ್ ಕಡಿದು, ಟೋಂಗಾದ ಮುಖ್ಯ ದ್ವೀಪಕ್ಕೆ ಆ ಇಂಟರ್ನೆಟ್ ಸಂಪರ್ಕ ಮರಳಿ ಬರಲು ಐದು ವಾರ ಹಿಡಿಯಿತು. ಇಂಟರ್ನೆಟ್ಟಿನಾಚೆಯ ಸರ್ವರಿನಲ್ಲಿ ಮಾತ್ರ ಇಟ್ಟ ನಕ್ಷೆ ಅಂಥ ಹೊತ್ತಿನಲ್ಲಿ ಇದ್ದೂ ಇಲ್ಲದಂತೆ.

ಹಾನಿಯ ಫಾರ್ಮ್‌ನಲ್ಲಿ ಐದೇ ಕಾಲಂ ಇಡಿ: ಕಂಬ ಸಂಖ್ಯೆ, ಸ್ಥಿತಿ (ನಿಂತಿದೆ, ವಾಲಿದೆ, ಮುರಿದಿದೆ), ತಂತಿ ನೆಲದಲ್ಲಿದೆಯೇ, ಲಾರಿ ಹೋಗಬಹುದೇ, ಒಂದು ಫೋಟೊ. ಇಪ್ಪತ್ತು ಕಾಲಂ ಕೊಟ್ಟರೆ ಮಳೆಯಲ್ಲಿ ನಿಂತ ಲೈನ್‌ಮನ್ ಯಾವುದನ್ನೂ ತುಂಬುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಸಂಜೆ ಎಲ್ಲ ಟ್ಯಾಬ್ಲೆಟ್‌ಗಳನ್ನೂ ಕೇಬಲ್ ಹಾಕಿ ಒಂದೇ ಲ್ಯಾಪ್‌ಟಾಪಿಗೆ ಇಳಿಸಿ, ಮುರಿದ ಕಂಬಗಳ ಎತ್ತರ, ಕ್ರಾಸ್‌ಆರ್ಮ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಲೆಕ್ಕವನ್ನು ಉಗ್ರಾಣಕ್ಕೆ ಕೊಡಿ. ಹಡಗಿನಲ್ಲಿ ಬರಬೇಕಾದ ಸಾಮಾನು ಎಷ್ಟೆಂಬುದು ಆ ರಾತ್ರಿಯೇ ಗೊತ್ತಾದರೆ ಹಲವು ದಿನ ಉಳಿಯುತ್ತದೆ.

ಪ್ರಶ್ನೆ: ನೆಲದಡಿಯ ಪಿವಿಸಿ ಪೈಪ್ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಲೊಕೇಟರ್ ಯಂತ್ರ ಏನೂ ತೋರಿಸುತ್ತಿಲ್ಲ. ಮಳೆನೀರಿನ ಲೆಕ್ಕವನ್ನಾದರೂ ಚಿತ್ರದಿಂದ ಮಾಡಬಹುದೇ?
– ಹೊರದ್ವೀಪದ ನೀರು ನಿರ್ವಾಹಕ

ಉತ್ತರ: ವಿದ್ಯುತ್ಕಾಂತೀಯ ಲೊಕೇಟರ್ ಲೋಹವನ್ನು ಮಾತ್ರ ಹಿಡಿಯುತ್ತದೆ. ಪಿವಿಸಿ, ಆಸ್ಬೆಸ್ಟಾಸ್ ಸಿಮೆಂಟ್ ಪೈಪ್ ಅದಕ್ಕೆ ಇಲ್ಲದಂತೆಯೇ. ಪೈಪಿನೊಳಗೆ ಸಿಗ್ನಲ್ ಕೊಡುವ ಸೋಂಡ್ ತೂರಿಸಬಹುದು. ನೆಲದ ರೇಡಾರ್ ಒಣ ಹವಳಮರಳಿನಲ್ಲಿ ಕೆಲಸ ಮಾಡುತ್ತದೆ, ಉಪ್ಪುನೀರು ತಾಗಿದ ಕೂಡಲೇ ಸಿಗ್ನಲ್ ಸತ್ತುಹೋಗುತ್ತದೆ. ಆದ್ದರಿಂದ ವಾಲ್ವ್, ಹೈಡ್ರಂಟ್, ಮೀಟರ್‌ಗಳನ್ನು ಮೊದಲು ಗುರುತಿಸಿ, ನಡುವಿನ ಗೆರೆಗೆ 'ಊಹೆ' ಎಂದು ನಮೂದಿಸಿ. ಸೋರಿಕೆಗೆಂದು ಎಲ್ಲಿ ಅಗೆದರೂ ಹಳ್ಳ ಮುಚ್ಚುವ ಮೊದಲು ಪೈಪಿನ ಸ್ಥಾನ, ಆಳ, ವ್ಯಾಸ ಅಳೆದು 'ಕಂಡದ್ದು' ಎಂದು ಬದಲಿಸಿ. ಹೊಸ ಪೈಪ್ ಹಾಕುವಾಗ ಮೇಲೊಂದು ತಾಮ್ರದ ತಂತಿ ಹಾಸಿ, ಎರಡೂ ತುದಿ ವಾಲ್ವ್ ಪೆಟ್ಟಿಗೆಯಲ್ಲಿ ಸಿಗುವಂತೆ ಬಿಡಿ.

ಮಳೆನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 120 ಚದರ ಮೀಟರ್, 50 ಮಿಲಿಮೀಟರ್ ಮಳೆ, ನಷ್ಟ ಕಳೆದು 0.8ರಿಂದ ಗುಣಿಸಿದರೆ 4,800 ಲೀಟರ್. ಆದರೆ ಚಿತ್ರದಲ್ಲಿ ಚಾವಣಿ ಅಂಚಿನ ನೀರು ಹರಿಸುವ ದೋಣಿ ಕಾಣುವುದಿಲ್ಲ. ಚಾವಣಿಯ ಒಂದೇ ಬದಿಗೆ ದೋಣಿ ಇದ್ದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಮನೆಮನೆಗೆ ಹೋಗಿ ದೋಣಿಯ ಉದ್ದ, ಟ್ಯಾಂಕಿನ ಗಾತ್ರ, ಬಿರುಕು ನೋಡಲೇಬೇಕು. 2011ರಲ್ಲಿ ಬರದಿಂದ ತುರ್ತುಸ್ಥಿತಿ ಘೋಷಿಸಿದ ತುವಾಲುವಿನಂಥ ಕಡೆ ಕುಡಿಯುವ ನೀರು ಬಹುಪಾಲು ಚಾವಣಿಯಿಂದಲೇ ಬರುವುದು, ಲೆಕ್ಕ ತಪ್ಪಿದರೆ ಜನ ಬಾಯಾರುತ್ತಾರೆ.

ತರಾವಾದ ಬೊನ್ರಿಕಿಯಲ್ಲಿ ಹಾಗಲ್ಲ, ಅಲ್ಲಿ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ಪದರದಿಂದ ನೆಲದಡಿ ಅಡ್ಡಕ್ಕೆ ಹಾಸಿದ ರಂಧ್ರಗಳ ಕೊಳವೆಗಳ ಮೂಲಕ ನೀರೆತ್ತುತ್ತಾರೆ. ಅಂಥ ಕಡೆ ಪ್ರತಿ ಪಂಪಿನ ನೀರಿನ ವಿದ್ಯುದ್ವಾಹಕತೆಯನ್ನೂ (ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ) ನಕ್ಷೆಯ ಮೇಲೆ ತಿಂಗಳು ತಿಂಗಳು ದಾಖಲಿಸಿ. ಸೆಂಟಿಮೀಟರಿಗೆ 2,500 ಮೈಕ್ರೊಸೀಮೆನ್ಸ್ ಸಮೀಪಿಸಿದ ಪಂಪಿನಿಂದ ಎತ್ತುವ ನೀರನ್ನು ತಗ್ಗಿಸಬೇಕು. ನೀರಿನ ಮೀಸಲು ಪ್ರದೇಶದೊಳಗೆ ಹೊಸ ಮನೆ, ಹಂದಿಗೂಡು ಬಂದಿದೆಯೇ ಎಂದು ಹೊಸ ಚಿತ್ರವನ್ನು ಹಳೆಯದರೊಂದಿಗೆ ಹೋಲಿಸುವುದಕ್ಕೆ ಮಾತ್ರ ದೂರಸಂವೇದಿ ನಿಜಕ್ಕೂ ಹೇಳಿ ಮಾಡಿಸಿದ್ದು.

ಪ್ರಶ್ನೆ: ಊರಿನ ಹೆಸರು ಹುಡುಕಿದರೆ ಡೇಟಾಬೇಸಿನಲ್ಲಿ ಸಿಗುವುದಿಲ್ಲ. ಏಕೆ?
– ದೂರು ದಾಖಲಿಸುವ ವಿಭಾಗ

ಉತ್ತರ: ಕೇಳಿದಂತೆ ಬರೆದಿರುತ್ತೀರಿ. ಫಿಜಿಯ ಬರಹದಲ್ಲಿ ಇಂಗ್ಲಿಷಿನ 'ಡಿ' ಅಕ್ಷರವನ್ನು 'ನ್ದ' ಎಂದು, 'ಬಿ' ಅಕ್ಷರವನ್ನು 'ಂಬ' ಎಂದು ಓದುತ್ತಾರೆ. ನಾಂದಿ ಎಂದು ಕೇಳುವ ಊರಿನ ಬರಹದಲ್ಲಿ 'ಎನ್' ಒಂದೇ ಸಲ ಬರುತ್ತದೆ. ಕಿರಿಬಾಸ್ ಭಾಷೆಯಲ್ಲಿ 'ಟಿ', 'ಐ' ಸೇರಿದರೆ 'ಸ್' ಆಗುತ್ತದೆ. ಹಾಗಾಗಿ ಕಿರಿಬಾಟಿ ಎಂದು ಬರೆದದ್ದು ಕಿರಿಬಾಸ್, ಕಿರಿಟಿಮಾಟಿ ಎಂದು ಬರೆದದ್ದು ಕಿರಿಸ್ಮಸ್. ಟೋಂಗಾ, ಸಮೋವಾ ಹೆಸರುಗಳಲ್ಲಿ ಗಂಟಲು ತಡೆಯ ಚಿಹ್ನೆ, ದೀರ್ಘದ ಗೆರೆ ಇರುತ್ತವೆ. ಶೇಪ್‌ಫೈಲ್‌ನಲ್ಲಿ ಎನ್‌ಕೋಡಿಂಗ್ ತಪ್ಪಿದರೆ ಅವು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಕಾಲಂ ಹೆಸರೂ ಹತ್ತು ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ. ಜಿಯೋಪ್ಯಾಕೇಜ್‌ಗೆ ಬದಲಾಯಿಸಿ, ಹೆಸರಿಗೆ ಮೂರು ಕಾಲಂ ಇಡಿ: ಅಧಿಕೃತ ಬರಹ, ಚಿಹ್ನೆಗಳಿಲ್ಲದ ಬರಹ, ಕೇಳಿದಂತೆ ಬರಹ. ಹುಡುಕಾಟ ಮೂರರಲ್ಲೂ ನಡೆಯಲಿ. ಅಧಿಕೃತ ಬರಹವನ್ನು ಮಾತ್ರ ಆ ಊರಿನವರಿಂದಲೇ ಬರೆಸಿಕೊಳ್ಳಿ.